ಮನೆಗಾಡಿಯಲ್ಲಿ ಕೆಮ್ಮಿದವನು

“ಒಂದು ‘ರು’ಗೋಸ್ಕರ ನಾನು ಜೀಪ್ ನಿಲ್ಲಿಸ್ಬೇಕಾ?” ಎಂದು ಇನ್‌ಸ್ಪೆಕ್ಟರ್ ಕೇಳಿದ.

“ಹೌದು,” ಎಂದರು ಅತ್ತಿಗೆ. “ಒಂದೇ ಒಂದು ‘ರು’. ಅದು ಎಲ್ಲಿಂದ ಬಂತು ಅಂತ ಗೊತ್ತಾಗೋವರೆಗೂ ನಿಲ್ಲಿಸಿ.”

ಜೀಪು ಕಡಲತೀರದ ನಮ್ಮ ಪ್ರವಾಸಿ ಕ್ಯಾಂಪಿನ ಗೇಟಿನಲ್ಲಿ ಗುರುಗುಟ್ಟುತ್ತ ನಿಂತಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ಪೇದೆಗಳ ನಡುವೆ ನನ್ನ ಅಣ್ಣ ಕೂತಿದ್ದ. ಬಲಗೈಗೆ ಬೇಡಿ, ಬೇಡಿಯ ಇನ್ನೊಂದು ತುದಿ ಸೀಟಿನ ಕಂಬಿಗೆ. ಸ್ಥಳ ತೋರಿಸಲೆಂದು ಕರೆತಂದದ್ದು ಮುಗಿದಿತ್ತು, ಇನ್ನೇನು ಪಟ್ಟಣದ ಕೋರ್ಟಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿಂದ ಅವನು ಜೈಲಿಗೆ ಹೋದರೆ ಮತ್ತೆ ಯಾವಾಗ ಹೊರಗೆ ಬರುತ್ತಾನೋ ಹೇಳುವವರಿಲ್ಲ.

ಭಾನುವಾರ ಹಲ್ಲಿನ ಡಾಕ್ಟರು ತಮ್ಮ ಕ್ಯಾರವಾನಿನಿಂದ ಕಾಣೆಯಾದರು, ಅವರ ಚಪ್ಪಲಿ ಮರಳಿನ ಮೇಲೆ ಸಿಕ್ಕಿತು, ಕನ್ನಡಕ ಅಣ್ಣನ ಗ್ಯಾಸ್ ಶೆಡ್ಡಿನಲ್ಲಿ ಸಿಕ್ಕಿತು. ಅಷ್ಟಕ್ಕೇ ನನ್ನ ಅಣ್ಣ ಕೊಲೆಗಾರನಾಗಿಬಿಟ್ಟ.

ಅಣ್ಣನನ್ನು ಹಿಡಿದ ದಿನದಿಂದ ನಾನು ಈ ಇನ್‌ಸ್ಪೆಕ್ಟರಿಗೆ ಬಹುವಚನ ಕೊಡುವುದನ್ನು ಬಿಟ್ಟಿದ್ದೇನೆ. ಎದುರಿಗೆ ‘ಸಾರ್’ ಅನ್ನುತ್ತೇನೆ, ಅನ್ನಲೇಬೇಕು. ಮನಸ್ಸಿನೊಳಗೆ ಮಾತ್ರ ‘ಅವನು’. ಬೇರೆ ಯಾವ ಸೇಡೂ ನನ್ನ ಕೈಲಿಲ್ಲ.

“ಡಾಕ್ಟರಮ್ಮನ ಹೇಳಿಕೆ ನನ್ನ ಮುಂದೇನೇ ಬರೆಸಿದ್ದು,” ಎಂದ ಅವನು. “ನನಗೆ ಬಾಯಿಪಾಠ ಇದೆ. ‘ಸಂಜೆ ನಮ್ಮ ಯಜಮಾನರು ಒಳಗೆ ಮಲಗಿದ್ದರು. ಕೆಮ್ಮುತ್ತಿದ್ದರು. ನಾನು ಹೊದಿಕೆ ಹೊದಿಸಿ ಬಟ್ಟೆ ಒಗೆಯಲು ಹೋದೆ. ಬರುವಷ್ಟರಲ್ಲಿ ಇರಲಿಲ್ಲ.’ ಪಕ್ಕದ ಟೆಂಟಿನ ಗಿಟಾರಿನವನೂ ಕೆಮ್ಮು ಕೇಳಿದಾನೆ. ಆಮೇಲೆ ಆ ಗಾಡಿಯಿಂದ ನಿಮ್ಮ ಗಂಡ ಇಳಿದು ಬಂದಿದ್ದನ್ನ ಕಣ್ಣಾರೆ ನೋಡಿದಾನೆ. ಇನ್ನೇನು ಬೇಕು?”

“ಡಾಕ್ಟರಮ್ಮ ಹಾಗೆ ಹೇಳಲಿಲ್ಲ ಸಾರ್.”

“ಹೇಳಲಿಲ್ವಾ?”

“ನೀವು ಆಫೀಸಲ್ಲಿ ಬರೆಸ್ಕೊಳ್ಳೋವಾಗ ನಾನು ಅಲ್ಲೇ ಟೀ ಬಗ್ಗಿಸ್ತಾ ಇದ್ದೆ. ‘ಒಳಗೆ ಮಲಗಿದ್ದ, ಕೆಮ್ತಾ ಇದ್ದ, ಹೊದಿಕೆ ಹೊದಿಸಿ ಬಂದೆ’ ಅಂದರು. ಮಲಗಿದ್ದ. ಕೆಮ್ತಾ ಇದ್ದ. ‘ರು’ ಇರಲೇ ಇಲ್ಲ.”

ಇನ್‌ಸ್ಪೆಕ್ಟರ್ ಮುಂದಿನ ಸೀಟಿನಲ್ಲಿದ್ದ ರೈಟರನ್ನು ನೋಡಿದ. ರೈಟರು ಪಾಪದ ಮನುಷ್ಯ, ಠಾಣೆಯ ಬರವಣಿಗೆಯೆಲ್ಲ ಅವರದೇ. ಅವರು ಕತ್ತು ಕೆರೆದುಕೊಂಡರು.

“ಡಾಕ್ಟರನ್ನ ಏಕವಚನದಲ್ಲಿ ಬರೆಯೋಕಾಗುತ್ತಾ ಸಾರ್? ದೊಡ್ಡ ಮನುಷ್ಯರು. ಕೋರ್ಟಿಗೆ ಹೋಗೋ ಕಾಗದ. ಮರ್ಯಾದೆಗೆ ಅಂತ ನಾನೇ ‘ರು’ ಸೇರಿಸಿದೆ.”

ಅತ್ತಿಗೆ ನನ್ನ ಕಡೆ ನೋಡಿದ ನೋಟದಲ್ಲಿ ಗೆದ್ದವರ ಖುಷಿ ಇತ್ತು. ಅವರು ಕೋರ್ಟಿನಲ್ಲಿ ಸಾಕ್ಷಿಗಳ ಮಾತನ್ನು ಟೈಪ್ ಮಾಡುತ್ತಿದ್ದವರು. ಸಾಕ್ಷಿ ತೊದಲಿದರೆ ತೊದಲಿದ ಹಾಗೇ, ಬೈದರೆ ಬೈದ ಹಾಗೇ. ಕೆಲಸ ಬಿಟ್ಟು ಅಣ್ಣನ ಜೊತೆ ಈ ಕ್ಯಾಂಪು ನಡೆಸಲು ಬಂದು ಎಷ್ಟೋ ವರ್ಷವಾಯಿತು, ಕಿವಿ ಮಾತ್ರ ಇನ್ನೂ ಕೋರ್ಟಿನಲ್ಲೇ ಇದೆ. ಮನೆಯಲ್ಲಿ ಯಾರೂ ಅವರ ಮುಂದೆ ‘ನಾನು ಹಾಗಂದೇ ಇಲ್ಲ’ ಎಂದು ಜಾರಿಕೊಳ್ಳುವಂತಿಲ್ಲ.

“ಟೀ ಕುಡಿಯೋವರೆಗೆ,” ಎಂದ ಇನ್‌ಸ್ಪೆಕ್ಟರ್. “ಅಷ್ಟೇ. ಆಮೇಲೆ ಹೊರಟೆವು.”

“ಪೇದೆಗಳು ನನ್ನ ಅಂಗಡಿಯಲ್ಲಿ ಟೀ ಕುಡೀಲಿ,” ಎಂದರು ಅತ್ತಿಗೆ. “ನೀವು ಮಾತ್ರ ನನ್ನ ಜೊತೆ ಬನ್ನಿ. ಡಾಕ್ಟರಮ್ಮನ ಗಾಡಿ ಮುಂದೆ ಬಟ್ಟೆ ಚಪ್ಪರ ಇದೆ. ಅದರ ಕೆಳಗೆ ಸದ್ದು ಮಾಡ್ದೆ ನಿಂತ್ಕೊಂಡು ಕೇಳಿಸ್ಕೊಳ್ಳಿ. ಆಮೇಲೆ ನಾನೇ ಕಟ್ಟಿ ಹೇಳಿದ್ದು ಅಂತ ಯಾರೂ ಅನ್ನೋ ಹಾಗಿಲ್ಲ.”

ಅಂಗಡಿ ಅತ್ತಿಗೆಯದಲ್ಲ, ನನ್ನದು. ಬ್ರೆಡ್ಡು, ಬೆಂಕಿಪೊಟ್ಟಣ, ಸೊಳ್ಳೆಬತ್ತಿ, ಟೋಪಿ ಮಾರುವ ಗೂಡು. ಆದರೆ ಆ ಹೊತ್ತಿನಲ್ಲಿ ತಕರಾರು ಮಾಡುವಷ್ಟು ಮೂರ್ಖಳಲ್ಲ ನಾನು.

ಸೀಸನ್ನು ಮುಗಿಯುತ್ತ ಬಂದಿತ್ತು. ಗಾಡಿಗಳು ಒಂದೊಂದಾಗಿ ಹೊರಟುಹೋಗಿ, ಅವು ನಿಂತಿದ್ದ ಕಡೆ ಹಳದಿಯಾದ ಹುಲ್ಲಿನ ಚೌಕಗಳು ಮಾತ್ರ ಉಳಿದಿದ್ದವು. ಪ್ರತಿ ಚೌಕದ ತಲೆಗೂ ಒಂದು ಕರೆಂಟಿನ ಕಂಬ, ಒಂದು ನಲ್ಲಿ. ಸಮುದ್ರದ ಗಾಳಿಗೆ ನಲ್ಲಿಗಳೆಲ್ಲ ತುಕ್ಕು ಹಿಡಿದಿದ್ದವು. ಅಣ್ಣ ಇದ್ದಿದ್ದರೆ ಇಷ್ಟು ಹೊತ್ತಿಗೆ ಅವಕ್ಕೆ ಗ್ರೀಸ್ ಬಳಿದು ಗೋಣಿ ಸುತ್ತಿರುತ್ತಿದ್ದ.

ಇನ್‌ಸ್ಪೆಕ್ಟರ್ ಹತ್ತು ಮಾರು ಹಿಂದೆ ಬರುತ್ತಿದ್ದ. ನಾನು ಅತ್ತಿಗೆಯ ಕಿವಿಯ ಹತ್ತಿರ ಬಗ್ಗಿದೆ.

“ಅತ್ತಿಗೆ, ಬಾಯಿ ತಪ್ಪಿ ಅಂದಿರಬಹುದಲ್ವಾ? ಸಿಟ್ಟು ಬಂದಾಗ ನೀವೂ ಅಣ್ಣನಿಗೆ ‘ಅವನು’ ಅಂತೀರಿ. ಹೋದ ತಿಂಗಳು ಪಂಪ್ ಸುಟ್ಟುಹೋದಾಗ ಏನೇನಂದ್ರಿ, ನನಗೇ ಹೇಳೋಕೆ ನಾಚಿಕೆ.”

“ಸಿಟ್ಟಲ್ಲಿ ಅಂತೀನಿ. ಹೊದಿಕೆ ಹೊದಿಸೋವಾಗ ಅನ್ನಲ್ಲ.”

ಅತ್ತಿಗೆ ನನ್ನ ಕಡೆ ತಿರುಗಿದರು.

“ನೀನೇ ಹೇಳು. ಡಾಕ್ಟರಮ್ಮ ಎಷ್ಟು ವರ್ಷದಿಂದ ನಿನ್ನ ಅಂಗಡಿಗೆ ಬರ್ತಾರೆ? ಒಂದು ಸಲ ಆದ್ರೂ ಗಂಡನಿಗೆ ‘ಅವನು’ ಅಂದಿದ್ದು ಕೇಳಿದೀಯಾ?”

ಕೇಳಿರಲಿಲ್ಲ. ‘ಇವರಿಗೆ ಈ ಬ್ರೆಡ್ ಆಗಲ್ಲ’, ‘ಇವರು ಇನ್ನೂ ಎದ್ದಿಲ್ಲ’, ‘ಇವರು ಟೋಪಿ ಗಾಳಿಗೆ ಬಿಟ್ಟರು, ಇನ್ನೊಂದು ಕೊಡಿ.’ ಒಂದು ಸಲ ಡಾಕ್ಟರು ಗಾಡಿಗೆ ಜಾಕ್ ಕೊಡಲು ಹೋಗಿ ಆ ಕಬ್ಬಿಣವನ್ನು ಹೆಂಡತಿಯ ಕಾಲಬೆರಳ ಮೇಲೆ ಬೀಳಿಸಿದ್ದರು. ಆಗಲೂ ಆಕೆ ಕಿರುಚಿದ್ದು, “ಅಯ್ಯೋ, ಬೆರಳು ಜಜ್ಜಿಬಿಟ್ರಲ್ರೀ!” ಎಂದೇ. ಅಷ್ಟು ನೋವಿನಲ್ಲೂ ಮರ್ಯಾದೆ ಜಾರದ ಹೆಂಗಸು.

“ಅಂದ್ರೆ ಸಂಜೆ ಒಳಗೆ ಮಲಗಿದ್ದಿದ್ದು ಡಾಕ್ಟರಲ್ಲ,” ಎಂದೆ.

“ಅಲ್ಲ. ಆಕೆಗಿಂತ ಚಿಕ್ಕವನು, ಆಕೆಗೆ ಬೇಕಾದವನು. ತಮ್ಮನೋ, ತಮ್ಮನಂಥವನೋ. ಅವನನ್ನ ಡಾಕ್ಟರ ಜಾಗದಲ್ಲಿ ಮಲಗಿಸಿ ನಮಗೆಲ್ಲ ಸಂಜೆವರೆಗೂ ಡಾಕ್ಟರು ಇದ್ದರು ಅಂತ ನಂಬಿಸಿದಾರೆ. ಹಾಗಾದ್ರೆ ಡಾಕ್ಟರು ಅದಕ್ಕಿಂತ ಎಷ್ಟೋ ಮುಂಚೇನೇ ಇಲ್ಲಿಂದ ಹೋಗಿದಾರೆ. ಮಧ್ಯಾಹ್ನ ಇರಬಹುದು.”

ಅಷ್ಟು ಕೇಳಿದ್ದೇ ನನಗೆ ಅದರ ಅರ್ಥ ಹೊಳೆಯಿತು. ಭಾನುವಾರ ಹಗಲಿಡೀ ಅಣ್ಣ ಕ್ಯಾಂಪಿನಲ್ಲೇ ಇರಲಿಲ್ಲ. ಬೆಳಗ್ಗೆಯೇ ಖಾಲಿ ಸಿಲಿಂಡರುಗಳನ್ನು ಪಿಕಪ್ಪಿಗೆ ಹೇರಿಕೊಂಡು ಪೇಟೆಗೆ ಹೋಗಿದ್ದ. ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು.

“ಮಧ್ಯಾಹ್ನ ನನಗೆ ಫೋನ್ ಮಾಡಿದ್ರು ನಿಮ್ಮಣ್ಣ,” ಎಂದರು ಅತ್ತಿಗೆ. “‘ಇನ್ನೂ ಗ್ಯಾಸ್ ಅಂಗಡಿ ಸಾಲಲ್ಲೇ ನಿಂತಿದೀನಿ, ಊಟಕ್ಕೆ ಕಾಯ್ಬೇಡ’ ಅಂದರು. ಪೊಲೀಸಿನವರು ಸಂಜೆದೊಂದೇ ಹಿಡ್ಕೊಂಡು ಕೂತಿದಾರೆ. ಮಧ್ಯಾಹ್ನದ ಲೆಕ್ಕ ಬಂದರೆ ಅವರೇ ಬೇಡಿ ಬಿಚ್ಚಿ ಕಳಿಸ್ತಾರೆ.”

ಎಷ್ಟೋ ದಿನದ ಮೇಲೆ ಅತ್ತಿಗೆಯ ನಡಿಗೆಯಲ್ಲಿ ಬಿರುಸು ಬಂದಿತ್ತು. ನನಗೂ ಅಳು ಬರುವಷ್ಟು ಸಮಾಧಾನವಾಯಿತು.

ಡಾಕ್ಟರ ಗಾಡಿ ಕಡಲಿಗೆ ಮುಖ ಮಾಡಿ ಕೊನೆಯ ಸಾಲಿನಲ್ಲಿ ನಿಂತಿತ್ತು. ನಾವಿದನ್ನು ಮನೆಗಾಡಿ ಅನ್ನುತ್ತೇವೆ. ವ್ಯಾನಿಗಿಂತ ದೊಡ್ಡದು, ಬಸ್ಸಿಗಿಂತ ಚಿಕ್ಕದು, ಒಳಗೆ ಒಲೆಯಿಂದ ಹಿಡಿದು ಹಾಸಿಗೆಯವರೆಗೆ ಎಲ್ಲ ಇರುವಂಥದು. ಬಾಗಿಲ ಮುಂದಿನ ಪಟ್ಟೆಪಟ್ಟೆ ಬಟ್ಟೆಯ ಚಪ್ಪರ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದರ ಕೆಳಗೆ ಇನ್‌ಸ್ಪೆಕ್ಟರ್ ಬೂಟುಗಾಲನ್ನು ಮೆಲ್ಲಗೆ ಇಟ್ಟು, ಗಾಡಿಯ ಗೋಡೆಗೆ ಒತ್ತಿ ನಿಂತ.

ಅತ್ತಿಗೆ ಬಾಗಿಲು ತಟ್ಟಿದರು.

ಡಾಕ್ಟರಮ್ಮ ತೆರೆದಾಗ ನನಗೆ ಒಂದು ಕ್ಷಣ ಗುರುತೇ ಸಿಗಲಿಲ್ಲ. ಕಣ್ಣಿನ ಸುತ್ತ ಕಪ್ಪುಗಟ್ಟಿ, ಮುಖ ಇಳಿದುಹೋಗಿತ್ತು. ಆಕೆ ನಮ್ಮನ್ನು ಒಳಗೆ ಕರೆಯಲೂ ಇಲ್ಲ, ಬೇಡವೆನ್ನಲೂ ಇಲ್ಲ. ಸುಮ್ಮನೆ ಪಕ್ಕಕ್ಕೆ ಸರಿದರು.

ಒಳಗೆ ಪರದೆಗಳೆಲ್ಲ ಎಳೆದಿದ್ದವು. ಎರಡು ಬರ್ನರಿನ ಒಲೆಯ ಮೇಲೆ ಪಾತ್ರೆಯಲ್ಲಿ ಆರಿದ ಟೀ. ಹಿಂದುಗಡೆ ಅಗಲವಾದ ಹಾಸಿಗೆ, ಅದರ ಮೇಲೆ ಎರಡು ದಿಂಬು, ಒಂದರ ಮೇಲೆ ಮಾತ್ರ ತಲೆಯಿಟ್ಟ ಗುಳಿ. ಬಾಗಿಲ ಹತ್ತಿರ ಮೇಜು, ಅದರ ಎರಡೂ ಕಡೆ ಗಿಡ್ಡ ಸೀಟುಗಳು. ಅತ್ತಿಗೆ ಒಂದರ ಮೇಲೆ ಕೂತರು. ನಾನು ಸಿಂಕಿಗೆ ಒರಗಿ ನಿಂತೆ.

“ಊಟ ಮಾಡಿದ್ರಾ?” ಎಂದು ಕೇಳಿದರು ಅತ್ತಿಗೆ.

“ಸೇರಲ್ಲ.”

“ಜೀಪ್ ಬಂದಿದೆ. ನಮ್ಮನೆಯವರನ್ನ ಕರ್ಕೊಂಡು ಹೋಗ್ತಿದಾರೆ.”

ಡಾಕ್ಟರಮ್ಮ ಕಣ್ಣು ತಪ್ಪಿಸಿದರು. “ನನ್ನ ಕೈಲಿ ಏನಿದೆ ಹೇಳಿ?”

“ಏನೂ ಬೇಡ. ನನಗೆ ಒಂದು ಅರ್ಥ ಆಗ್ತಿಲ್ಲ. ಭಾನುವಾರ ಸಂಜೆ ಅಷ್ಟು ಸೆಖೆ. ನಾವೆಲ್ಲ ಬೆವೆತು ನೀರಾಗಿದ್ವಿ. ನೀವು ಹೊದಿಕೆ ಯಾಕೆ ಹೊದಿಸಿದ್ರಿ?”

“ಸೆಖೆ ಇತ್ತು, ಆದ್ರೆ ನಡುಗ್ತಾ ಇದ್ದ ನೋಡಿ. ಹಲ್ಲು ಕಟಕಟ ಅಂತಿತ್ತು. ‘ಬೇಡ ಬೇಡ’ ಅಂತಿದ್ದ, ನಾನೇ ಬಲವಂತ ಮಾಡಿ…”

ಮಾತು ಅಲ್ಲಿಗೇ ನಿಂತಿತು.

ಹೊರಗೆ ಚಪ್ಪರದ ಬಟ್ಟೆ ಒಂದು ಸಲ ಜೋರಾಗಿ ಹೊಡೆದುಕೊಂಡು ಸುಮ್ಮನಾಯಿತು. ನಮ್ಮ ಭಾಷೆ ದೊಡ್ಡ ಚಾಡಿಕೋರ ಭಾಷೆ. ಯಾರ ಹೆಸರೂ ಎತ್ತದೆ, ಅವನು ಇವನು ಎನ್ನದೆ ಗಂಟೆಗಟ್ಟಲೆ ಮಾತಾಡಬಹುದು, ಆದರೆ ಮಾತಿನ ಬಾಲ ಎಲ್ಲವನ್ನೂ ಹೇಳಿಬಿಡುತ್ತದೆ.

“ಯಾರು ನಡುಗ್ತಾ ಇದ್ದಿದ್ದು?” ಅತ್ತಿಗೆಯ ದನಿ ಮೆತ್ತಗಿತ್ತು.

“ಇವರು.”

“ಇವರಾದ್ರೆ ‘ನಡುಗ್ತಾ ಇದ್ರು’ ಅಂತೀರಿ. ನೀವು ‘ಇದ್ದ’ ಅಂದ್ರಿ.”

“ಬಾಯಿ ತಪ್ಪಿತು.”

“ಪೊಲೀಸಿನವರ ಮುಂದೆನೂ ತಪ್ಪಿತ್ತು. ಅದೇ ಹೊದಿಕೆ ವಿಷಯ ಬಂದಾಗ ಮಾತ್ರ ತಪ್ಪುತ್ತೆ. ಈಗ ‘ಯಾರು’ ಅಂತ ಕೇಳಿದಾಗ ‘ಇವರು’ ಸರಿಯಾಗಿ ಬಂತು.”

ಡಾಕ್ಟರಮ್ಮ ಎದ್ದು ಒಲೆಯ ಮೇಲಿನ ಪಾತ್ರೆಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. ಕೈಗೆ ಏನಾದರೂ ಕೆಲಸ ಬೇಕಿತ್ತು, ಪಾಪ.

“ಎಲ್ಲಿ ಮಲಗಿದ್ದರು ಡಾಕ್ಟರು?”

“ಇಲ್ಲೇ. ನೀವು ಕೂತಿದೀರಲ್ಲ, ಈ ಸೀಟಲ್ಲೇ.”

“ಹಿಂದೆ ಅಷ್ಟಗಲ ಹಾಸಿಗೆ ಬಿಟ್ಟು?”

ಡಾಕ್ಟರು ಎಂಥ ಆಳು ಎಂದರೆ ನನ್ನ ಅಂಗಡಿಯ ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕು. ಈ ಸೀಟಿನಲ್ಲಿ ನಾನು ಮಲಗಿದರೂ ಮೊಣಕಾಲು ಮಡಚಬೇಕು.

ಅತ್ತಿಗೆ ಎದ್ದು ನಿಂತು ತಾವು ಕೂತಿದ್ದ ಮೆತ್ತೆಯನ್ನು ನೋಡಿದರು. ಎದುರು ಸೀಟಿನದನ್ನೂ ನೋಡಿದರು. ಅದರ ಜಿಪ್ಪು ಗೋಡೆಯ ಕಡೆಗಿತ್ತು, ಇದರದು ಮಾತ್ರ ಮುಂದಕ್ಕೆ. ಅವರು ಮೆತ್ತೆಯನ್ನು ಮಗುಚಿ ಹಾಕಿದರು.

ಅಡಿಭಾಗದ ನೀಲಿ ಬಟ್ಟೆಯ ತುಂಬ ಬಿಳಿ ಗೆರೆಗಳಿದ್ದವು. ಅಂಕುಡೊಂಕಾಗಿ, ನಕ್ಷೆಯಲ್ಲಿ ದಡದ ಗೆರೆ ಬರೆದ ಹಾಗೆ. ಅತ್ತಿಗೆ ಬೆರಳಿನಿಂದ ಉಜ್ಜಿ ನಾಲಿಗೆಗೆ ಮುಟ್ಟಿಸಿಕೊಂಡರು. ಎಂಥ ಹೆಂಗಸಪ್ಪಾ ಎಂದುಕೊಂಡೆ.

“ಉಪ್ಪು,” ಎಂದರು. “ಸಮುದ್ರದ ನೀರಲ್ಲಿ ನೆನೆದು ಬಂದವನು ಯಾರೋ ಇಲ್ಲಿ ಮಲಗಿದ್ದ. ಅದಕ್ಕೇ ನಡುಕ, ಅದಕ್ಕೇ ಕೆಮ್ಮು. ನೀರು ಕುಡಿದಿದ್ದಾನೆ. ಒಣಗಿದ ಮೇಲೆ ಕಲೆ ಕಾಣುತ್ತೆ ಅಂತ ನೀವು ಮೆತ್ತೆ ಮಗುಚಿಟ್ರಿ.”

“ಸಾಕು,” ಎಂದರು ಡಾಕ್ಟರಮ್ಮ.

“ಸಾಕಾಗಲ್ಲ ಅಮ್ಮಾ.” ಈಗ ಅತ್ತಿಗೆ ಚಪ್ಪರದ ಕೆಳಗಿನವನಿಗೂ ಕೇಳಲೆಂದು ದನಿ ಏರಿಸಿದರು. “ಅಷ್ಟು ಹೊತ್ತಿಗೆ ಡಾಕ್ಟರು ಈ ಗಾಡಿಯಲ್ಲಿ ಇರಲೇ ಇಲ್ಲ. ಅವರಿಗೆ ಏನಾಗಿದ್ರೂ ಅದಕ್ಕೆ ಮುಂಚೆ, ಮಧ್ಯಾಹ್ನ ಆಗಿದೆ. ಮಧ್ಯಾಹ್ನ ನನ್ನ ಗಂಡ ಪೇಟೆಯಲ್ಲಿದ್ರು. ನೀವು ಇನ್ನೊಬ್ಬನ್ನ ಕಾಪಾಡೋಕೆ ಹೋಗಿ ಅವರ ತಲೆ ಕೊಟ್ಟಿದೀರಿ. ನಿಮಗೆ ತಮ್ಮ ಇದ್ದಾನಾ?”

“ಇಲ್ಲ. ಒಡಹುಟ್ಟಿದೋರು ಯಾರೂ ಇಲ್ಲ.”

“ಅಕ್ಕನ ಮಗ, ನಾದಿನಿ ಮಗ, ಯಾರಾದ್ರೂ?”

“ಯಾರೂ ಇಲ್ಲ ಅಂದ್ನಲ್ಲ.”

“ಹಾಗಾದ್ರೆ ಯಾರಿಗೋಸ್ಕರ ಈ ಸುಳ್ಳು?”

ಡಾಕ್ಟರಮ್ಮ ಅತ್ತಿಗೆಯ ಮುಖವನ್ನೇ ನೋಡಿದರು. ಸಿಕ್ಕಿಬಿದ್ದವರ ಭಯ ಆ ಕಣ್ಣಿನಲ್ಲಿರಲಿಲ್ಲ. ಕನಿಕರ ಇತ್ತು.

“ಇಲ್ಲಿಗೇ ಬಿಟ್ಟುಬಿಡಿ,” ಎಂದರು. “ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ. ಮನೆಗೆ ಹೋಗಿ.”

“ನನ್ನ ಗಂಡನ ಕೈಗೆ ಬೇಡಿ ಹಾಕಿದಾರೆ. ಬಿಡಿ ಅಂದ್ರೆ ಹೇಗೆ ಬಿಡಲಿ? ಹೇಳಿ, ಯಾವನು ಅವನು?”

“ಅವನೇ.”

“ಯಾವನು?”

“ಜೀಪಲ್ಲಿ ಕೂತಿದಾನಲ್ಲ. ಅವನೇ.”

ಅತ್ತಿಗೆ ಕಿಟಕಿಯ ಪರದೆ ಸರಿಸಿ ಗೇಟಿನ ಕಡೆ ನೋಡಿದರು.

“ಹೋದ ಸೀಸನ್ನಲ್ಲಿ ನನಗೆ ಜ್ವರ ಬಂದಾಗ ಇವರು ಊರಲ್ಲಿರಲಿಲ್ಲ,” ಎಂದರು ಡಾಕ್ಟರಮ್ಮ. “ನಿಮ್ಮವನೇ ಗಂಜಿ ತಂದುಕೊಟ್ಟು ಮಾತ್ರೆ ನುಂಗಿಸಿದ್ದು. ಅವತ್ತಿಂದ ಅಕ್ಕಾ ಅಕ್ಕಾ ಅಂತಾನೆ. ನನ್ನ ಬಾಯಲ್ಲೂ ಏಕವಚನವೇ ಬರುತ್ತೆ. ನಿಮ್ಮ ಮುಂದೆ ಮಾತ್ರ ಎಚ್ಚರ ಇಟ್ಕೊಂಡು ‘ಮ್ಯಾನೇಜರು’ ಅಂತಿದ್ದೆ, ನೀವು ಏನಂದ್ಕೋತೀರೋ ಅಂತ.”

“ಸುಳ್ಳು,” ಎಂದೆ ನಾನು. ನನಗರಿವಿಲ್ಲದೆ ಕಿರುಚಿದ್ದೆ. “ಅಣ್ಣ ಪೇಟೆಗೆ ಹೋಗಿದ್ದ! ಫೋನ್ ಮಾಡಿದ್ದ!”

“ಇಲ್ಲಿಂದಲೇ ಮಾಡಿದ್ದು,” ಎಂದರು ಡಾಕ್ಟರಮ್ಮ. “ಇವರ ಮುಂದೆ ನಿಂತು ಮಾಡಿದ. ಆಮೇಲೆ ಇಬ್ಬರೂ ದಡದ ಕಡೆ ಹೋದರು. ಪಿಕಪ್ಪು ಎಲ್ಲೋ ಮರೆಯಲ್ಲಿ ನಿಲ್ಲಿಸಿದ್ದನಂತೆ.”

ಮಧ್ಯಾಹ್ನದ ಆ ಫೋನನ್ನು ಅತ್ತಿಗೆ ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಊರಿನ ಸಾಕ್ಷಿಗಳ ಮಾತನ್ನೆಲ್ಲ ಸೋಸಿ ನೋಡುವವರು, ಗ್ಯಾಸ್ ಅಂಗಡಿಗೆ ಒಂದು ಕರೆ ಮಾಡಿ ಕೇಳಿರಲಿಲ್ಲ. ಗಂಡ ಹೇಳಿದ್ದು ಎಂಬ ಒಂದೇ ಕಾರಣಕ್ಕೆ ನಂಬಿದ್ದರು. ನಾನೂ ನಂಬಿದ್ದೆ. ಆ ಹೊತ್ತಿನಲ್ಲಿ ನನಗೆ ಅಣ್ಣನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅತ್ತಿಗೆ ಮಗುಚಿದ ಮೆತ್ತೆಯ ಮೇಲೆಯೇ ಕುಸಿದು ಕೂತರು.

“ಆಮೇಲೆ?” ಎಂದರು. “ಆಮೇಲೆ ಏನಾಯ್ತು?”

“ಸಂಜೆ ಒಬ್ಬನೇ ಬಂದ. ಮೈಯೆಲ್ಲ ಒದ್ದೆ. ಕೈಯಲ್ಲಿ ಇವರ ಕನ್ನಡಕ. ನಿಲ್ಲೋಕಾಗದೆ ಅಲ್ಲೇ ಬಿದ್ದುಕೊಂಡ. ‘ಇವರೆಲ್ಲೋ?’ ಅಂದೆ. ‘ಡಾಕ್ಟರು ಹೋದ್ರು ಅಕ್ಕಾ’ ಅಂದ. ಅಷ್ಟೇ ಮಾತು. ‘ಸಂಜೆವರೆಗೂ ಗಾಡಿಯಲ್ಲೇ ಇದ್ದರು ಅಂತ ಹೇಳಿ, ನನ್ನ ಮೇಲೆ ಆಣೆ’ ಅಂದ. ನಾನು ಬಟ್ಟೆ ಎತ್ಕೊಂಡು ಒಗೆಯೋ ಮನೆಗೆ ಹೋದೆ. ಬರೋ ಹೊತ್ತಿಗೆ ಅವನೂ ಎದ್ದು ಹೋಗಿದ್ದ.”

“ಅಣ್ಣ ಅವರನ್ನ ಏನಾದ್ರೂ ಮಾಡಿದನೋ ಅಂತ ನಿಮಗೆ ಅನ್ನಿಸಲಿಲ್ವಾ?” ಎಂದು ಕೇಳಿದೆ ನಾನು.

“ಅನ್ನಿಸಿತು. ದಿನಾ ಅನ್ನಿಸುತ್ತೆ.” ಡಾಕ್ಟರಮ್ಮನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. “ಆದ್ರೆ ಅವನು ಅತ್ತಿದ್ದ ಅಮ್ಮಾ. ಮಾಡಬಾರದ್ದು ಮಾಡಿ ಬಂದವನು ಹಾಗೆ ಅಳ್ತಾನಾ? ನನಗೆ ತಿಳೀತಿಲ್ಲ. ಬಾಯಿ ಬಿಟ್ಟರೆ ಅವನು ಮುಳುಗ್ತಾನೆ, ಮುಚ್ಚಿಕೊಂಡಿದ್ರೆ ಇವರ ವಿಷಯ ಗೊತ್ತಾಗಲ್ಲ. ನಾನು ಇವರಿಗೋಸ್ಕರ ಕಾಯ್ಬೇಕೋ, ಅಳ್ಬೇಕೋ, ಅದೂ ಗೊತ್ತಿಲ್ಲ.”

ಗಾಡಿ ಒಂದು ಪಕ್ಕಕ್ಕೆ ಮೆಲ್ಲಗೆ ವಾಲಿತು. ಬಾಗಿಲ ಮೆಟ್ಟಿಲ ಮೇಲೆ ಬೂಟುಗಾಲು ಬಿದ್ದಿತ್ತು. ಡಾಕ್ಟರಮ್ಮ ಇನ್‌ಸ್ಪೆಕ್ಟರನ್ನು ಕಂಡು ಕೈಯಿಂದ ಬಾಯಿ ಮುಚ್ಚಿಕೊಂಡರು, ಆಮೇಲೆ ಅತ್ತಿಗೆಯನ್ನು ನೋಡಿದರು. ‘ನೀವೇ ಕರೆತಂದಿರಾ’ ಎಂದು ಬಾಯಿ ಬಿಟ್ಟು ಕೇಳಬೇಕಿರಲಿಲ್ಲ.

“ಮೇಡಂ, ನಿಮ್ಮ ‘ರು’ ಹುಡುಕ್ಕೊಂಡು ಬಂದದ್ದು ಒಳ್ಳೇದೇ ಆಯ್ತು,” ಎಂದ ಇನ್‌ಸ್ಪೆಕ್ಟರ್. “ಸಂಜೆದೊಂದೇ ಇತ್ತು ನನ್ನ ಹತ್ರ. ಈಗ ಮಧ್ಯಾಹ್ನದಿಂದಲೇ ಸಿಕ್ಕಿತು.” ನಂತರ ಡಾಕ್ಟರಮ್ಮನ ಕಡೆ ತಿರುಗಿದ. “‘ಹೋದ್ರು’ ಅಂದ್ರೆ ಏನಮ್ಮಾ? ಎಲ್ಲಿಗಾದ್ರೂ ಹೋದ್ರಾ? ಇಲ್ಲಾ ತೀರಿಹೋದ್ರಾ?”

“ಅಷ್ಟೇ ಅಂದ ಸಾರ್. ‘ಹೋದ್ರು’ ಅಂತ.”

“ಅದನ್ನ ಅವನ ಬಾಯಿಂದಲೇ ಕೇಳೋಣ.”

ಅವನು ಇನ್ನೂ ಮೆಟ್ಟಿಲು ಇಳಿಯುತ್ತಿರುವಾಗಲೇ ಅತ್ತಿಗೆ ಅವನನ್ನು ಸರಿಸಿಕೊಂಡು ಹೊರಗೆ ಹಾರಿದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಖಾಲಿ ಚೌಕಗಳನ್ನು ದಾಟಿ, ಟೆಂಟಿನ ಹಗ್ಗಗಳನ್ನು ಹಾರಿ, ಕಾಲಿಗೆ ಸಿಕ್ಕ ಕರೆಂಟಿನ ವೈರನ್ನು ಒ‌ದ್ದುಕೊಂಡು ಓಡಿದರು. ನಾನು ಹಿಂದೆ. ಇನ್‌ಸ್ಪೆಕ್ಟರ್ ಓಡಲಿಲ್ಲ. ಬೇಡಿ ಹಾಕಿದವನು ಎಲ್ಲಿಗೆ ಹೋಗುತ್ತಾನೆ ಎಂಬ ಧೈರ್ಯ.

ಪೇದೆಗಳೂ ರೈಟರೂ ನನ್ನ ಗೂಡಿನ ಮುಂದೆ ಟೀ ಲೋಟ ಹಿಡಿದು ನಿಂತಿದ್ದರು. ಜೀಪಿನಲ್ಲಿ ಅಣ್ಣ ಒಬ್ಬನೇ.

ಅತ್ತಿಗೆ ಜೀಪಿನ ಕಂಬಿ ಹಿಡಿದು ಏದುಸಿರು ಬಿಟ್ಟರು. “ರೀ, ಡಾಕ್ಟರಮ್ಮ ಹೇಳಿಬಿಟ್ರು.”

ಅಣ್ಣನ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು. “ಅಕ್ಕ ಹೇಳಿದ್ರಾ? ಯಾರ ಮುಂದೆ?”

“ಇನ್‌ಸ್ಪೆಕ್ಟರು ಕೇಳಿಸ್ಕೊಂಡ್ರು. ನಾನೇ ಕರ್ಕೊಂಡು ಹೋಗಿದ್ದೆ. ನೀವು ಮಾಡಿಲ್ಲ ಅಂತ ತೋರಿಸೋಕೆ ಹೋಗಿ…” ಅತ್ತಿಗೆ ಅವನ ಬೇಡಿಯ ಕೈ ಹಿಡಿದರು. “ಯಾಕ್ರೀ ನನಗೆ ಸುಳ್ಳು ಹೇಳಿದ್ರಿ? ‘ಹೋದ್ರು’ ಅಂದ್ರೆ ಏನು? ಡಾಕ್ಟರು ಬದುಕಿದಾರಾ?”

ಅಣ್ಣ ಒಮ್ಮೆ ಪೇದೆಗಳ ಕಡೆ, ಒಮ್ಮೆ ಟೆಂಟುಗಳ ಕಡೆ ನೋಡಿದ. ಆಮೇಲೆ ಬೇಡಿಯ ಕೈಯನ್ನು ಆದಷ್ಟು ಎಳೆದು ಮುಂದಕ್ಕೆ ಬಾಗಿದ.

“ಬದುಕಿದಾರೆ,” ಎಂದು ಪಿಸುಗುಟ್ಟಿದ. “ನಾನೇ ನೀರಿಗಿಳಿದು ದೋಣಿ ಹತ್ತಿಸಿ ದಾಟಿಸಿದ್ದು, ಸತ್ತ ಹಾಗೆ ಕಾಣಲಿ ಅಂತ ಚಪ್ಪಲಿ ಬಿಟ್ಟಿದ್ದೂ ನಾನೇ. ಎಲ್ಲಿ ಅಂತ ಬಾಯಿ ಬಿಟ್ಟರೆ ನಿಜವಾಗ್ಲೂ ಹೋಗ್ತಾರೆ. ಅವರನ್ನ ಮುಗಿಸೋಕೆ ಬಂದವನು ಇಲ್ಲೇ ಇದಾನೆ ಕಣೇ, ನಮ್ಮ ಕ್ಯಾಂಪಲ್ಲೇ. ಡಾಕ್ಟರು ಸತ್ತರು ಅಂತ ನಂಬಿದ್ರೆ ಮಾತ್ರ ಅವನು ವಾಪಸ್ ಹೋಗ್ತಾನೆ.”

“ಯಾರು?”

“ಅದು ಗೊತ್ತಿದ್ರೆ ನಾನು ಯಾಕೆ ಬೇಡಿ ಹಾಕಿಸ್ಕೋತಿದ್ದೆ?”

ಬೂಟಿನ ಸದ್ದು ಹತ್ತಿರ ಬಂತು. ಅಣ್ಣ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿಕೊಂಡ. ನನ್ನ ಗೂಡಿನ ಮುಂದೆ ಈಗ ಪೇದೆಗಳ ಜೊತೆ ಗಿಟಾರಿನವನೂ ಬಂದು ನಿಂತು ನಮ್ಮ ಕಡೆಯೇ ನೋಡುತ್ತಿದ್ದ. ಅವನ ಹಿಂದೆ ಕೊನೆಯ ಗಾಡಿಗಳಲ್ಲಿ ಉಳಿದವರು ಒಬ್ಬೊಬ್ಬರಾಗಿ ಹೊರಗೆ ಬರುತ್ತಿದ್ದರು.

“ಏನಂದ?” ಎಂದು ಇನ್‌ಸ್ಪೆಕ್ಟರ್ ಎಲ್ಲರಿಗೂ ಕೇಳುವ ಹಾಗೆ ಕೂಗಿದ. “ಡಾಕ್ಟರು ಸತ್ತಿದಾರೋ, ಬದುಕಿದಾರೋ?”

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡರು.

“ಏನೂ ಅನ್ನಲಿಲ್ಲ,” ಎಂದರು.

ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿದ.

“ನೀವೂ ಹತ್ತಿರವೇ ನಿಂತಿದ್ರಿ. ಬದುಕಿದಾರೆ ಅಂದಿದ್ರೆ ಈಗಲೇ ಹೇಳಿ, ಕೊಲೆ ಕೇಸೇ ಇರಲ್ಲ. ಬೇಡಿ ಬಿಚ್ಚಿ ನಿಮ್ಮಣ್ಣನ್ನ ಇಲ್ಲೇ ಇಳಿಸಿ ಹೋಗ್ತೀನಿ. ಏನಂದ?”

ಪೇದೆಗಳು, ಗಿಟಾರಿನವನು, ಗಾಡಿಗಳಿಂದ ಇಳಿದು ಬಂದವರು, ಎಲ್ಲರ ಕಣ್ಣೂ ನನ್ನ ಮೇಲಿತ್ತು. ಅಷ್ಟು ಮುಖಗಳಲ್ಲಿ ಯಾವುದೋ ಒಂದು ನನ್ನ ಉತ್ತರಕ್ಕಾಗಿ ಇನ್‌ಸ್ಪೆಕ್ಟರಿಗಿಂತ ಹೆಚ್ಚು ಆತುರದಿಂದ ಕಾಯುತ್ತಿತ್ತು. ಜೀಪಿನಲ್ಲಿ ಅಣ್ಣ ಕಣ್ಣು ತೆರೆದ.

ನಾನು ಬಾಯಿ ತೆರೆದೆ.